ವೇಷ ಮರೆಸುವ ಕುತಂತ್ರಾಂಶ: ಪರೀಕ್ಷಾ ವಿಧಾನದ ಆಯ್ಕೆ

ರೋಗವನ್ನರಿಯದೆ ಮದ್ದು ಕೊಡಲಾಗದು. ರೋಗವೇ ತನ್ನ ಲಕ್ಷಣಗಳನ್ನು ಮುಚ್ಚಿಟ್ಟುಕೊಂಡರೆ ವೈದ್ಯನ ಕಾರ್ಯ ಮತ್ತಷ್ಟು ಕಠಿಣವಾಗುತ್ತದೆ. ಗಣಕಯಂತ್ರಗಳಿಗೆ ಕೇಡು ಮಾಡಲೆಂದೇ ರಚಿತವಾದ ಕುತಂತ್ರಾಂಶಗಳ, ಅಂದರೆ ಮಾಲ್‌ವೇರ್‌ಗಳ, ವಿಷಯದಲ್ಲಿಯೂ ಈ ಮಾತು ಸತ್ಯ.

ಇದು ದೂರದ ಸಂಗತಿಯಲ್ಲ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ತಲುಪುವ ಪುಣೆಯಲ್ಲಿ, ಕಾಸ್ಮೋಸ್ ಸಹಕಾರಿ ಬ್ಯಾಂಕು 2018ರ ಆಗಸ್ಟ್ 11 ಮತ್ತು 13ರಂದು ಸುಮಾರು 94 ಕೋಟಿ ರೂಪಾಯಿಗಳನ್ನು ಕಳೆದುಕೊಂಡಿತು. ಎ.ಟಿ.ಎಂ. ಜಾಲಕ್ಕೂ ಬ್ಯಾಂಕಿನ ಮೂಲ ಲೆಕ್ಕಕ್ಕೂ ನಡುವೆ ಸೇರಿಕೊಂಡ ನಕಲಿ ಸ್ವಿಚ್, ಮೂಲ ಲೆಕ್ಕವನ್ನು ವಿಚಾರಿಸದೆಯೇ ಹಣ ಕೊಡಲು ಅನುಮತಿ ನೀಡುತ್ತಿತ್ತು. 28 ದೇಶಗಳಲ್ಲಿ ಹಣ ಹೊರಬಿದ್ದಿತು. ಅಕ್ಕೋಳದಂತಹ ಊರುಗಳಲ್ಲಿ ತಂಬಾಕು, ಕಬ್ಬು ಬೆಳೆದವರ ದುಡಿಮೆಯೂ ಇಂದು ಗಣಕಯಂತ್ರದ ಲೆಕ್ಕದಲ್ಲಿಯೇ ಇರುವುದರಿಂದ, ಈ ಶಾಸ್ತ್ರದ ಅರಿವು ಎಲ್ಲರಿಗೂ ಅವಶ್ಯ.

ಕುತಂತ್ರಾಂಶವನ್ನು ಪರೀಕ್ಷಿಸಲು ಮುಖ್ಯವಾಗಿ ಎರಡು ಮಾರ್ಗಗಳಿವೆ. ಅದನ್ನು ನಡೆಸದೆ, ಅದರ ಬರಹವನ್ನು ಮಾತ್ರ ಓದುವುದು ಸ್ಥಿರ ವಿಶ್ಲೇಷಣೆ. ಜಾಲದಿಂದ ಬೇರ್ಪಡಿಸಿದ ಯಂತ್ರದಲ್ಲಿ ನಡೆಸಿ, ಅದರ ವರ್ತನೆಯನ್ನು ಗಮನಿಸುವುದು ಚಲನ ವಿಶ್ಲೇಷಣೆ. ಯಾವುದು ಮೇಲೆಂಬ ಪ್ರಶ್ನೆ ನಿರರ್ಥಕ. ವೇಷಕ್ಕೆ ತಕ್ಕಂತೆ ವಿಧಾನವನ್ನು ಆರಿಸಬೇಕು.

ಮೊದಲನೆಯ ವೇಷ ಗಂಟು ಕಟ್ಟಿಕೊಳ್ಳುವುದು. ಬರಹವನ್ನು ಗೂಢಲಿಪಿಯಾಗಿಸಿದರೆ ಹಳೆಯ ಗುರುತುಗಳು ಸಿಕ್ಕುವುದಿಲ್ಲ. ಕ್ಲಾಡ್ ಶಾನನ್ 1948ರಲ್ಲಿ ನಿರೂಪಿಸಿದ ಎಂಟ್ರೊಪಿಯ ಅಳತೆ ಇಲ್ಲಿ ಉಪಯುಕ್ತ. ಪ್ರತಿ ಬೈಟಿಗೆ ಗರಿಷ್ಠ 8 ಬಿಟ್ ಇರುವ ಈ ಅಳತೆ 8ರ ಸಮೀಪಕ್ಕೆ ಬಂದರೆ ಗಂಟಿನ ಶಂಕೆ ಹುಟ್ಟುತ್ತದೆ. ಸಾಮಾನ್ಯ ಜಿಪ್ ಕಡತವೂ ಹಾಗೆಯೇ ಕಾಣುವುದರಿಂದ ಇದು ಶಂಕೆಯೇ ಹೊರತು ನಿರ್ಣಯವಲ್ಲ. ಗಂಟು ನಡೆಯುವಾಗ ತಾನೇ ಬಿಚ್ಚಿಕೊಳ್ಳುವುದರಿಂದ, ಆ ಕ್ಷಣದಲ್ಲಿ ಯಂತ್ರದ ಸ್ಮೃತಿಯ ಪ್ರತಿ ತೆಗೆದು ಓದಬೇಕು.

ಎರಡನೆಯದು ಸಾಧುವಿನ ವೇಷ. ತಾನು ಪರೀಕ್ಷಾ ಯಂತ್ರದಲ್ಲಿರುವುದನ್ನು ಅರಿತು ಸುಮ್ಮನಿರುವುದು, ಇಲ್ಲವೇ ಬಹುಕಾಲ ನಿದ್ರಿಸುವುದು ಇದರ ರೀತಿ. ಇಲ್ಲಿ ನಿಜ ಯಂತ್ರದಲ್ಲಿ ನಡೆಸುವುದು, ಗಡಿಯಾರವನ್ನು ಮುಂದೂಡುವುದು, ಬರಹವನ್ನೇ ಓದುವುದು ಫಲಕಾರಿ.

ಮೂರನೆಯದು ಡಿಸ್ಕಿನಲ್ಲಿ ಕಡತವೇ ಇಲ್ಲದೆ ಸ್ಮೃತಿಯಲ್ಲಿ ಮಾತ್ರ ನೆಲೆಸುವುದು. ಗಾಬರಿಯಿಂದ ಯಂತ್ರವನ್ನು ಆರಿಸಿದರೆ ಸಾಕ್ಷ್ಯವೇ ಅಳಿಯುತ್ತದೆ. ಜಾಲದ ಸಂಪರ್ಕ ಕಡಿದು, ಮೊದಲು ಸ್ಮೃತಿಯ ಪ್ರತಿ ತೆಗೆಯುವುದು ಕ್ರಮ.

2017ರ ಮೇ 12ರಂದು ಜಗತ್ತನ್ನು ವ್ಯಾಪಿಸಿದ ವನ್ನಾಕ್ರೈ ಇದಕ್ಕೆ ಉತ್ತಮ ನಿದರ್ಶನ. ಅದು ಮೊದಲು ಅಂತರ್ಜಾಲದಲ್ಲಿ ಯಾರೂ ನೋಂದಾಯಿಸದ ಒಂದು ವಿಳಾಸವನ್ನು ಕರೆಯುತ್ತಿತ್ತು. ಉತ್ತರ ಬಂದರೆ ತಾನೇ ನಿಲ್ಲುತ್ತಿತ್ತು. ಮಾರ್ಕಸ್ ಹಚಿನ್ಸ್ ಆ ವಿಳಾಸವನ್ನು ನೋಂದಾಯಿಸಲಾಗಿ ಹರಡುವಿಕೆ ತಗ್ಗಿತು. ಕೆಲವು ಪರೀಕ್ಷಾಲಯಗಳು ಯಾವ ವಿಳಾಸವನ್ನು ಕರೆದರೂ ಉತ್ತರಿಸುತ್ತವೆ. ಅಂತಹ ಕಡೆ ನಡೆಸಿದ್ದರೆ ಅದು ನಿರಪರಾಧಿಯಂತೆ ತೋರುತ್ತಿತ್ತು; ಅದರ ಬರಹವನ್ನು ಓದಿದವರಿಗೆ ಮಾತ್ರ ಗುಟ್ಟು ತಿಳಿಯುತ್ತಿತ್ತು.

ಆದುದರಿಂದ ಅಲ್ಪ ವೆಚ್ಚದ, ಅಪಾಯವಿಲ್ಲದ ಓದಿನಿಂದ ಆರಂಭಿಸಿ, ಅದು ಸೋತಲ್ಲಿ ಮುಂದಿನ ಮಾರ್ಗ ಹಿಡಿಯುವುದೇ ವಿವೇಕ. ಒಂದು ವಿಧಾನದ ಮೌನವನ್ನು ಇನ್ನೊಂದರಿಂದ ಒರೆಗೆ ಹಚ್ಚಬೇಕು. "ಏನೂ ಕಾಣಲಿಲ್ಲ" ಎಂಬುದಕ್ಕೂ "ಏನೂ ಇಲ್ಲ" ಎಂಬುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಿದರೆ, ಗಣಕಶಾಸ್ತ್ರದ ಬೋಧನೆ ಸಾರ್ಥಕವಾದಂತೆ.