ಸ್ಮಾರ್ಟ್ ಮೀಟರ್: ಬೇಕು, ಬೇಡ ಅನ್ನೋ ಮುಂಚೆ ಮನೆಯಲ್ಲಿ ಮಾಡಬೇಕಾದ ಲೆಕ್ಕ

ಈ ವಾರ ಬೆಳೆ, ಗೊಬ್ಬರ, ರೋಗದ ವಿಷಯ ಪಕ್ಕಕ್ಕಿಟ್ಟು, ನಿಮ್ಮ ಮನೆ ಗೋಡೆ ಮೇಲಿರೋ ಮೀಟರ್ ಬಗ್ಗೆ ಬರೀತಿದ್ದೀನಿ. ಕಾರಣ ಇದೆ. ಅಣ್ಣ-ತಮ್ಮ ಪಾಲಾಗಿ ಬೇರೆ ಮನೆ ಮಾಡ್ಕೊಂಡವರು, ತೋಟದಲ್ಲೇ ಮನೆ ಕಟ್ಟಿದವರು, ಪೇಟೆ ಅಂಚಲ್ಲಿ ಸೈಟು ತಗೊಂಡವರು ಹೊಸ ಕರೆಂಟ್ ಕನೆಕ್ಷನ್‌ಗೆ ಅರ್ಜಿ ಹಾಕುವಾಗ ಈ ಪ್ರಶ್ನೆ ಬಂದೇ ಬರುತ್ತೆ: "ಸ್ಮಾರ್ಟ್ ಮೀಟರ್ ಹಾಕಿಸಿದ್ರೆ ಬಿಲ್ ಜಾಸ್ತಿ ಬರುತ್ತಂತೆ, ಹೌದಾ?"

ನಾನು ತೋಟಗಾರಿಕೆ ಓದಿ ಸಾವಯವ ಕೃಷಿಗೆ ಬಂದವನು, ಲೈನ್‌ಮನ್ ಅಲ್ಲ. ಆದರೆ ಅಳತೆ ಇಲ್ಲದೆ ನಮ್ಮ ಕೆಲಸ ನಡೆಯಲ್ಲ. ಗಂಟೆಗೆ 4 ಲೀಟರ್ ಅಂತ ಬರೆದ ಡ್ರಿಪ್ಪರ್ ನಿಜವಾಗಿ ಅಷ್ಟು ಕೊಡ್ತಿದೆಯಾ ಅಂತ ನೋಡೋಕೆ ಕೆಳಗೆ ಬಾಟಲಿ ಇಟ್ಟು 15 ನಿಮಿಷಕ್ಕೆ 1 ಲೀಟರ್ ಬಂತಾ ಅಂತ ನೋಡ್ತೀವಿ ಅಲ್ವಾ? ಮೀಟರ್ ವಿಷಯದಲ್ಲೂ ಅದೇ ರೀತಿ ನೋಡಬಹುದು.

ಮೊದಲು ವಿಷಯ ಏನು ಅಂತ ತಿಳ್ಕೊಳ್ಳೋಣ

ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ವಿತರಣಾ ಸುಧಾರಣಾ ಯೋಜನೆಯಲ್ಲಿ ದೇಶದಾದ್ಯಂತ 25 ಕೋಟಿ ಸ್ಮಾರ್ಟ್ ಮೀಟರ್ ಹಾಕೋ ಗುರಿ ಇತ್ತು. ಆ ಗುರಿಯಿಂದ ಕೃಷಿ ಸಂಪರ್ಕಗಳನ್ನ ಹೊರಗಿಟ್ಟಿದ್ದಾರೆ. ನಮ್ಮಲ್ಲಿ ಬೆಸ್ಕಾಂ 2025ರ ಫೆಬ್ರವರಿ 15ರಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ತಂತು. ಅಲ್ಲಿಂದ ಗಲಾಟೆ ಶುರು. ಸಾವಿರ ರೂಪಾಯಿ ಆಸುಪಾಸಲ್ಲಿದ್ದ ಸಿಂಗಲ್ ಫೇಸ್ ಮೀಟರ್ ಜಾಗಕ್ಕೆ ಸುಮಾರು 5,000 ರೂಪಾಯಿ ಮೀಟರ್ ಬಂದ್ರೆ ಯಾರು ತಾನೇ ಸುಮ್ಮನಿರ್ತಾರೆ? ವಿಷಯ ವಿಧಾನಸಭೆಗೂ ಹೋಯ್ತು, ಹೈಕೋರ್ಟ್‌ಗೂ ಹೋಯ್ತು. ಈಗಾಗಲೇ ಮೀಟರ್ ಇರೋ ಮನೆಗಳಿಗೆ ಕಡ್ಡಾಯ ಇಲ್ಲ ಅಂತ ಆಗ ಸರ್ಕಾರ ಹೇಳಿತ್ತು. ನಿಮ್ಮ ಊರಿಗೆ, ನಿಮ್ಮ ಬಗೆಯ ಸಂಪರ್ಕಕ್ಕೆ ಕಡ್ಡಾಯವೋ ಐಚ್ಛಿಕವೋ ಅನ್ನೋದನ್ನ ಅರ್ಜಿ ಹಾಕೋ ಮುಂಚೆ ಸೆಕ್ಷನ್ ಆಫೀಸಲ್ಲಿ ಕೇಳಿ, ಆದೇಶದ ಪ್ರತಿ ನೋಡಿ. ಬಾಯಿಮಾತು ನಂಬ್ಕೊಂಡು ದುಡ್ಡು ಕಟ್ಟಬೇಡಿ.

ಸ್ಮಾರ್ಟ್ ಮೀಟರ್ ಅಂದ್ರೆ ಇಷ್ಟೇ: ಎಷ್ಟು ಕರೆಂಟ್ ಬಳಸಿದ್ರಿ ಅನ್ನೋದನ್ನ ತಿಂಗಳಿಗೊಮ್ಮೆ ಬದಲು ಅರ್ಧ ಗಂಟೆಗೋ ಕಾಲು ಗಂಟೆಗೋ ಒಂದು ಸಲ ಬರೆದಿಟ್ಟು, ಸಿಮ್ ಅಥವಾ ರೇಡಿಯೋ ಮೂಲಕ ಆಫೀಸಿಗೆ ಕಳಿಸುತ್ತೆ. ರೀಡಿಂಗ್‌ಗೆ ಯಾರೂ ಬರಬೇಕಾಗಿಲ್ಲ. ಆಫೀಸಿಂದಲೇ ಸಂಪರ್ಕ ಕಡಿಯಬಹುದು, ಮತ್ತೆ ಕೊಡಬಹುದು. ಸ್ಮಾರ್ಟ್ ಅಂದ ಮಾತ್ರಕ್ಕೆ ಪ್ರೀಪೇಯ್ಡ್ ಅಂತಲ್ಲ. ಅದೇ ಮೀಟರ್ ಪೋಸ್ಟ್‌ಪೇಯ್ಡ್ ಆಗಿಯೂ ಕೆಲಸ ಮಾಡುತ್ತೆ.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಭಯ

"ನಮ್ಮನೇಲಿ ಯಾರೂ ಒಪ್ತಿಲ್ಲ" ಅಂತ ಹುಡುಗರು ಹೇಳ್ತಾರೆ. ಕೂತು ಕೇಳಿದ್ರೆ ಒಬ್ಬೊಬ್ಬರ ಕಾರಣ ಬೇರೆ ಬೇರೆ ಇರುತ್ತೆ. ಎಲ್ಲಕ್ಕೂ ಒಂದೇ ಉತ್ತರ ಕೊಡೋಕೆ ಹೋದ್ರೆ ಯಾರಿಗೂ ಸಮಾಧಾನ ಆಗಲ್ಲ.

ಅಪ್ಪನ ಭಯ: "ಇವತ್ತು ಮನೆಗೆ, ನಾಳೆ ಬೋರ್‌ವೆಲ್‌ಗೆ." ಇದನ್ನ ಹಳೇ ಕಾಲದವರ ಮಾತು ಅಂತ ತಳ್ಳಿಹಾಕಬೇಡಿ. ಕರ್ನಾಟಕದಲ್ಲಿ 10 ಎಚ್.ಪಿ. ತನಕದ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಪಂಪ್‌ಸೆಟ್‌ಗೆ ಮೀಟರ್ ಹಾಕೋದನ್ನ ರೈತ ಸಂಘಟನೆಗಳು ದಶಕಗಳಿಂದ ತಡೆದಿವೆ. ಮೀಟರ್ ಬಂದ್ರೆ ಹಿಂದೆಯೇ ಬಿಲ್ ಬರುತ್ತೆ ಅನ್ನೋ ಅನುಮಾನ ಅದು. ಈಗಿನ ಯೋಜನೆ ಕೃಷಿಯನ್ನ ಹೊರಗಿಟ್ಟಿದೆ ಅನ್ನೋದು ನಿಜ. ಮುಂದೆ ಏನಾಗುತ್ತೆ ಅನ್ನೋದು ರಾಜಕೀಯದ ಪ್ರಶ್ನೆ, ಮೀಟರ್ ಯಂತ್ರದ್ದಲ್ಲ. ಎರಡನ್ನ ಬೇರೆ ಮಾಡಿ ಮಾತಾಡಿ.

ಅಮ್ಮನ ಭಯ: "ದುಡ್ಡು ಮುಗಿದ ತಕ್ಷಣ ಕರೆಂಟ್ ಹೋಗುತ್ತಂತೆ." ಪ್ರೀಪೇಯ್ಡ್ ಆದ್ರೆ ಈ ಭಯಕ್ಕೆ ಅರ್ಥ ಇದೆ. ನಮ್ಮ ಕೈಗೆ ದುಡ್ಡು ಬರೋದು ಬೆಳೆ ಮಾರಿದಾಗ, ತಿಂಗಳ ಒಂದನೇ ತಾರೀಕಲ್ಲ. ಪೋಸ್ಟ್‌ಪೇಯ್ಡ್ ಆಗಿದ್ರೆ, 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಬಾಕಿಗೆ ಸಂಪರ್ಕ ಕಡಿಯೋ ಮುಂಚೆ ಲಿಖಿತವಾಗಿ 15 ದಿನದ ನೋಟಿಸ್ ಕೊಡಲೇಬೇಕು. ಪ್ರೀಪೇಯ್ಡ್‌ಗೆ ಒಪ್ಪೋರಿಗೆ 47ನೇ ಸೆಕ್ಷನ್ ಪ್ರಕಾರ ಭದ್ರತಾ ಠೇವಣಿ ಕೇಳೋ ಹಾಗಿಲ್ಲ. ಅರ್ಜಿಯಲ್ಲಿ ಯಾವುದು ಅಂತ ಸ್ಪಷ್ಟವಾಗಿ ಕೇಳಿ ಬರೆಸಿ.

ಎಲ್ಲರ ಭಯ: "ಮೀಟರ್ ಜೋರಾಗಿ ಓಡುತ್ತೆ." ಇದೊಂದನ್ನ ನಾವೇ ಪರೀಕ್ಷೆ ಮಾಡಬಹುದು. ಸ್ವಲ್ಪ ವಿವರವಾಗಿ ನೋಡೋಣ.

ಬಿಲ್ ಯಾಕೆ ಏರುತ್ತೆ?

2024ರ ಮೇ ತಿಂಗಳಲ್ಲಿ ಗುಜರಾತ್‌ನ ವಡೋದರಾದಲ್ಲಿ ಜನ ಸ್ಮಾರ್ಟ್ ಮೀಟರ್ ವಿರುದ್ಧ ಬೀದಿಗಿಳಿದ್ರು. ಕೊನೆಗೆ, ಅನುಮಾನ ಪರಿಹರಿಸೋಕೆ ಪಕ್ಕದಲ್ಲಿ ಇನ್ನೊಂದು ಮೀಟರ್ ಇಟ್ಟು ಹೋಲಿಸಿ ತೋರಿಸೋ ವ್ಯವಸ್ಥೆ ಮಾಡಬೇಕಾಯ್ತು. ಅದಕ್ಕೂ ಮೊದಲು, 2009ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಅನ್ನೋ ಬಿಸಿಲೂರಲ್ಲಿ ಇದೇ ಜಗಳ ಆಗಿತ್ತು. ಸ್ವತಂತ್ರ ಪರೀಕ್ಷೆ ಮಾಡಿಸಿದಾಗ ಮೀಟರ್‌ಗಳು ಸರಿಯಾಗೇ ಇದ್ವು. ಆದರೆ ಅದೇ ಸಮಯಕ್ಕೆ ದರ ಏರಿತ್ತು, ಬಿಸಿಲು ಹೆಚ್ಚಿತ್ತು, ಗ್ರಾಹಕರ ದೂರನ್ನ ಕಂಪನಿ ಸರಿಯಾಗಿ ಕೇಳಿರಲಿಲ್ಲ.

ನಮ್ಮ ಹಳ್ಳಿ ಮನೆಗಳಲ್ಲಿ ಇನ್ನೊಂದು ಕಾರಣ ಇದೆ. ಹಳೇ ಚಕ್ರದ ಮೀಟರ್ ವರ್ಷಗಟ್ಟಲೆ ತಿರುಗಿ ಸವೆದಿರುತ್ತೆ. ಸಣ್ಣ ಲೋಡ್‌ಗೆ ಅದರ ಚಕ್ರ ಅಲುಗಾಡೋದೇ ಇಲ್ಲ. ಟಿ.ವಿ. ಸೆಟ್‌ಟಾಪ್ ಬಾಕ್ಸ್ 10 ವ್ಯಾಟ್ ತಗೊಂಡು ಹಗಲು-ರಾತ್ರಿ ಆನ್ ಇದ್ರೆ ತಿಂಗಳಿಗೆ 7 ಯೂನಿಟ್ ಆಗುತ್ತೆ. ಸವೆದ ಮೀಟರ್ ಅದನ್ನ ಲೆಕ್ಕಕ್ಕೇ ಹಿಡಿಯದೇ ಇರಬಹುದು. ಹೊಸ ಮೀಟರ್ ಹಿಡಿಯುತ್ತೆ. ಬಳಕೆ ಅಷ್ಟೇ ಇದ್ರೂ ಬಿಲ್ಲಲ್ಲಿ ಅಂಕಿ ಏರುತ್ತೆ.

ಇಲ್ಲಿಂದ ಒಂದು ಗುಟ್ಟು ತಿಳ್ಕೊಳ್ಳಿ: ನಿಮ್ಮ ಮನೇಲಿ ಈಗಾಗಲೇ ಡಿಜಿಟಲ್ ಮೀಟರ್ ಇದ್ರೆ ಬದಲಾದ ಮೇಲೆ ದೊಡ್ಡ ವ್ಯತ್ಯಾಸ ಬರಬಾರದು. ಬಂದ್ರೆ ಮತ್ತು ಬಳಕೆ ಬದಲಾಗಿಲ್ಲ ಅಂದ್ರೆ, ದೂರು ಕೊಡೋಕೆ ಗಟ್ಟಿ ಕಾರಣ ಇದೆ.

7 ಯೂನಿಟ್ ಅಂದ್ರೆ ಸಣ್ಣದಲ್ಲ

ಗೃಹಜ್ಯೋತಿ ಇರೋದರಿಂದ ಈ ಲೆಕ್ಕ ಮುಖ್ಯ. ನಿಮ್ಮ ಮನೆಯ 2022-23ರ ತಿಂಗಳ ಸರಾಸರಿ ಬಳಕೆ, ಅದರ ಮೇಲೆ ಶೇ 10, ಇಷ್ಟು ಉಚಿತ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದೋರಿಗೆ ಶೇ 10ರ ಬದಲು 10 ಯೂನಿಟ್ ಅಂತ 2024ರಲ್ಲಿ ಬದಲಾಯ್ತು. ಹೊಸ ಮನೆಗೆ ಹಳೇ ಲೆಕ್ಕ ಇರಲ್ಲ, ಹಾಗಾಗಿ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10, ಅಂದ್ರೆ 58 ಯೂನಿಟ್. ಅರ್ಹತೆ ಮೀರಿ 200ರ ಒಳಗಿದ್ರೆ ಮೀರಿದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದ್ರೆ ಪೂರ್ತಿ ಬಿಲ್.

ಈಗ ಎರಡು ಮನೆ ನೋಡಿ. 2025-26ರ ದರ ಯೂನಿಟ್‌ಗೆ 5.80 ರೂಪಾಯಿ ಅಂತ ಇಟ್ಕೊಳ್ಳೋಣ.

ಮೊದಲನೇ ಮನೆಗೆ 77 ಯೂನಿಟ್ ಅರ್ಹತೆ. ಹಳೇ ಮೀಟರ್ 75 ತೋರಿಸ್ತಿತ್ತು, ಬಿಲ್ ಸೊನ್ನೆ. ಹೊಸದು 82 ತೋರಿಸಿದ್ರೆ 5 ಯೂನಿಟ್‌ಗೆ ಸರ್‌ಚಾರ್ಜ್, ತೆರಿಗೆ ಸೇರಿ 35 ರೂಪಾಯಿ ಒಳಗೆ.

ಎರಡನೇ ಮನೆಗೆ 180 ಯೂನಿಟ್ ಅರ್ಹತೆ. ಹಳೇದು 196 ತೋರಿಸ್ತಿತ್ತು, 16 ಯೂನಿಟ್‌ಗೆ ಸುಮಾರು 100 ರೂಪಾಯಿ ಕಟ್ತಿದ್ರು. ಹೊಸದು 203 ತೋರಿಸಿದ್ರೆ ಬರೀ ಯೂನಿಟ್ ಲೆಕ್ಕಕ್ಕೇ 1,177 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಬೇರೆ.

ಎರಡೂ ಮನೇಲಿ ಹೆಚ್ಚಾಗಿದ್ದು ಅದೇ 7 ಯೂನಿಟ್. ನಿಮ್ಮ ಮನೆ ಗಡಿಯಿಂದ ಎಷ್ಟು ದೂರ ಇದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಹಾಗಾಗಿ "ಒಳ್ಳೇದಾ ಕೆಟ್ಟದ್ದಾ" ಅನ್ನೋ ಚರ್ಚೆಗೆ ಮುಂಚೆ ನಿಮ್ಮ ಅರ್ಹತೆ ಎಷ್ಟು, ಬಳಕೆ ಎಷ್ಟು ಅಂತ ನೋಡ್ಕೊಳ್ಳಿ.

ಮೀಟರ್ ಪರೀಕ್ಷೆ: ಮಿಣುಕು ಎಣಿಸೋದು

ಡಿಜಿಟಲ್ ಮತ್ತು ಸ್ಮಾರ್ಟ್ ಮೀಟರ್‌ಗಳಲ್ಲಿ ಸಣ್ಣ ಕೆಂಪು ದೀಪ ಮಿಣುಕ್ತಾ ಇರುತ್ತೆ. ಒಂದು ಯೂನಿಟ್‌ಗೆ ಎಷ್ಟು ಮಿಣುಕು ಅಂತ ಮೀಟರ್ ಮುಖದ ಮೇಲೇ ಬರೆದಿರುತ್ತೆ, ಉದಾಹರಣೆಗೆ 3200 ಅಥವಾ 1600.

1. ಮನೆಯ ಎಲ್ಲಾ ಸ್ವಿಚ್, ಇನ್ವರ್ಟರ್ ಸಹಿತ, ಆಫ್ ಮಾಡಿ. ದೀಪ ಮಿಣುಕೋದು ನಿಲ್ಲಬೇಕು. ನಿಲ್ಲದಿದ್ರೆ ಎಲ್ಲೋ ಒಂದು ಕಡೆ ಕರೆಂಟ್ ಹೋಗ್ತಿದೆ, ವೈರಿಂಗ್ ತೋರಿಸಿ.
2. ಬಕೆಟ್ ನೀರಲ್ಲಿ 1500 ವ್ಯಾಟ್ ಹೀಟರ್ ಕಾಯಿಲ್ ಇಟ್ಟು ಆನ್ ಮಾಡಿ. ಆನ್ ಇರುವಾಗ ನೀರು, ಬಕೆಟ್ ಮುಟ್ಟಬೇಡಿ, ಮಕ್ಕಳನ್ನ ದೂರ ಇಡಿ. ಇಸ್ತ್ರಿಪೆಟ್ಟಿಗೆ ಬೇಡ, ಅದು ಬಿಸಿಯಾದ ಮೇಲೆ ತಾನೇ ಆಫ್ ಆಗ್ತಾ ಇರುತ್ತೆ.
3. ಫೋನಲ್ಲಿ ಒಂದು ನಿಮಿಷ ವಿಡಿಯೋ ಮಾಡಿ ಮಿಣುಕು ಎಣಿಸಿ. 3200ರ ಮೀಟರ್ ಆದ್ರೆ 80 ಬರಬೇಕು, 1600ರದ್ದಾದ್ರೆ 40.

ಒಂದು ಎಚ್ಚರ. ಆ 1500 ವ್ಯಾಟ್ ಅನ್ನೋದು 230 ವೋಲ್ಟ್‌ಗೆ. ನಮ್ಮ ಕಡೆ ಸಂಜೆ ಹೊತ್ತು 200 ವೋಲ್ಟ್ ಬರ್ತಿದ್ರೆ ಅದೇ ಕಾಯಿಲ್ ಸುಮಾರು 1130 ವ್ಯಾಟ್ ಮಾತ್ರ ತಗೊಳ್ಳುತ್ತೆ, ಮಿಣುಕು 60ಕ್ಕೆ ಇಳಿಯುತ್ತೆ. ಮೀಟರ್ ಪರದೆಯಲ್ಲಿ ವೋಲ್ಟೇಜ್ ತೋರಿಸಿದ್ರೆ ಅದನ್ನೂ ಬರ್ಕೊಳ್ಳಿ. 200 ವೋಲ್ಟಲ್ಲೂ 80ಕ್ಕಿಂತ ಜಾಸ್ತಿ ಬಂದ್ರೆ ಆಗ ಅನುಮಾನ ಪಡಿ.

ಅನುಮಾನ ಬಂದ್ರೆ ಕೈ ಕಟ್ಟಿ ಕೂರಬೇಕಾಗಿಲ್ಲ. ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಬಂದ ತಿದ್ದುಪಡಿ ಪ್ರಕಾರ, ರೀಡಿಂಗ್ ಬಗ್ಗೆ ದೂರು ಕೊಟ್ಟ 5 ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಇಟ್ಟು, ಕನಿಷ್ಠ 3 ತಿಂಗಳು ಹೋಲಿಸಿ ನೋಡಬೇಕು. ದೂರು ಬರವಣಿಗೆಯಲ್ಲಿರಲಿ, ಸ್ವೀಕೃತಿ ತಗೊಳ್ಳಿ.

ಆ್ಯಪ್ ಯಾರ ಫೋನಲ್ಲಿ?

ಇದು ಮೀಟರ್‌ಗಿಂತ ಮುಖ್ಯ ಅಂತ ನನಗನ್ನಿಸುತ್ತೆ. ಇಷ್ಟು ದಿನ ಬಿಲ್ ಚೀಟಿ ಮೊಳೆಗೆ ಸಿಕ್ಕಿಸಿರ್ತಿತ್ತು, ಮನೆಯವರೆಲ್ಲ ನೋಡ್ತಿದ್ರು. ಇನ್ನು ಮೇಲೆ ಅದು ನಿಮ್ಮ ಫೋನೊಳಗೆ ಹೋಗುತ್ತೆ. ಬೆಳಗ್ಗೆ 5:30ಕ್ಕೆ ಗ್ರಾಫ್ ಮೇಲೆ ಹೋಯ್ತು ಅಂತ ಕಾಣುತ್ತೆ. ಆ ಹೊತ್ತಿಗೆ ಎದ್ದು ಕೆಲಸ ಮಾಡೋರು ಯಾರು? ಅಮ್ಮ, ಅತ್ತಿಗೆ, ಹೆಂಡತಿ. ಗ್ರಾಫ್ ಹಿಡ್ಕೊಂಡು ಅವರನ್ನ ಪ್ರಶ್ನೆ ಮಾಡೋಕೆ ಶುರು ಮಾಡಿದ್ರೆ, ಸ್ಮಾರ್ಟ್ ಮೀಟರ್ ಅಂದ್ರೆ ತಮ್ಮನ್ನ ಕಾಯೋಕೆ ಬಂದಿದ್ದು ಅಂತಲೇ ಅವರಿಗನ್ನಿಸುತ್ತೆ. ಆಮೇಲೆ ಅವರು ಯಾಕೆ ಒಪ್ತಾರೆ?

ಲೆಕ್ಕ ನೋಡಿ. 750 ವ್ಯಾಟ್ ಮಿಕ್ಸಿ 20 ನಿಮಿಷ ಓಡಿದ್ರೆ ಕಾಲು ಯೂನಿಟ್. ಯಾರೂ ನೋಡದಿದ್ರೂ ದಿನವಿಡೀ ಆನ್ ಇರೋ ಸೆಟ್‌ಟಾಪ್ ಬಾಕ್ಸೂ ಹತ್ತಿರ ಹತ್ತಿರ ಕಾಲು ಯೂನಿಟ್. ಮಿಕ್ಸಿ ಸದ್ದು ಮಾಡುತ್ತೆ, ಗ್ರಾಫಲ್ಲಿ ಎದ್ದು ಕಾಣುತ್ತೆ. ಬಾಕ್ಸ್ ಗ್ರಾಫಿನ ತಳದಲ್ಲಿ ಸುಮ್ಮನೆ ಮಲಗಿರುತ್ತೆ. ಮೊದಲು ಆ ತಳದ ಗೆರೆ ನೋಡಿ: ರಾತ್ರಿ 2 ಗಂಟೆಗೆ ಎಲ್ಲರೂ ಮಲಗಿರುವಾಗ ಎಷ್ಟು ಓಡ್ತಿದೆ? ಅಲ್ಲಿ ಉಳಿಸಿದ್ರೆ ಯಾರ ಕೆಲಸಕ್ಕೂ ಅಡ್ಡಿಯಾಗಲ್ಲ.

ಮುಂದೆ ಇನ್ನೊಂದು ಬರಬಹುದು. 2023ರ ಕೇಂದ್ರ ನಿಯಮದಲ್ಲಿ ಹೊತ್ತಿಗೆ ತಕ್ಕ ದರದ ಮಾತಿದೆ: ಬಿಸಿಲಿನ ಹೊತ್ತಲ್ಲಿ ದರ ಕನಿಷ್ಠ ಶೇ 20 ಕಡಿಮೆ, ಬೇಡಿಕೆ ಹೆಚ್ಚಿರೋ ಹೊತ್ತಲ್ಲಿ ಮನೆಗಳಂಥ ಗ್ರಾಹಕರಿಗೆ ಕನಿಷ್ಠ ಶೇ 10 ಹೆಚ್ಚು. ಕೃಷಿಗೆ ಇದು ಅನ್ವಯಿಸಲ್ಲ. ಮನೆಗಳಿಗೆ ಯಾವ ದರ ಅನ್ನೋದನ್ನ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗವೇ ಆದೇಶ ಮಾಡಬೇಕು. ಬಂದಾಗ "ಮಧ್ಯಾಹ್ನ ರುಬ್ಬಿದ್ರೆ ಅಗ್ಗ" ಅಂತ ಹೇಳೋದು ಸುಲಭ. ಮಧ್ಯಾಹ್ನ ಅವರು ನಿಮ್ಮ ಜೊತೆ ಹೊಲದಲ್ಲೇ ಇರ್ತಾರೆ ಅನ್ನೋದನ್ನ ಮರೀಬೇಡಿ.

ಒಟ್ಟಿಗೆ ಹಾಕೋ ಲೋಡ್ ಮೇಲೂ ಗಮನ ಇರಲಿ. 2 ಎಚ್.ಪಿ. ಮೇವು ಕತ್ತರಿಸೋ ಯಂತ್ರ 1.5 ಕಿಲೋವ್ಯಾಟ್, ಗೀಜರ್ 2 ಕಿಲೋವ್ಯಾಟ್. ಎರಡೂ ಒಟ್ಟಿಗೆ ಓಡಿದ್ರೆ 3.5. ಸ್ಮಾರ್ಟ್ ಮೀಟರ್ ಇದನ್ನ ಬರೆದಿಡುತ್ತೆ. ವರ್ಷದಲ್ಲಿ ಕನಿಷ್ಠ ಮೂರು ಸಲ ಮಂಜೂರಾದ ಲೋಡ್ ಮೀರಿದ್ರೆ ಮಾತ್ರ ಲೋಡ್ ಏರಿಸಬಹುದು ಅಂತ ಅದೇ 2023ರ ನಿಯಮ ಹೇಳುತ್ತೆ. ಮೀಟರ್ ಹಾಕೋ ಮುಂಚಿನ ಅವಧಿಗೆ ಇದೇ ಕಾರಣಕ್ಕೆ ದಂಡ ಹಾಕೋ ಹಾಗಿಲ್ಲ.

ಈ ವಾರದ ಕೆಲಸ

- ಇವತ್ತಿಂದ 30 ದಿನ, ದಿನಾ ಒಂದೇ ಹೊತ್ತಿಗೆ ಮೀಟರ್ ಫೋಟೋ ತೆಗೀರಿ. ಹೊಸ ಮೀಟರ್ ಬಂದ ಮೇಲೆ ಹೋಲಿಸೋಕೆ ಇದೇ ಆಧಾರ.
- ಬಿಲ್ಲಲ್ಲಿ ಗೃಹಜ್ಯೋತಿ ಅರ್ಹತೆ ಎಷ್ಟು ಅಂತ ಹುಡುಕಿ, ಅಡುಗೆಮನೆ ಗೋಡೆ ಮೇಲೆ ಎಲ್ಲರಿಗೂ ಕಾಣೋ ಹಾಗೆ ಬರೀರಿ.
- ಆರ್‌ಆರ್ ನಂಬರ್ ಯಾರ ಹೆಸರಲ್ಲಿದೆ, ಯಾವ ಫೋನ್ ನಂಬರ್ ಸೇರಿಸಿದ್ದಾರೆ ನೋಡಿ. ತೀರಿಹೋದ ಅಜ್ಜನ ಹೆಸರು, ಬಂದ್ ಆದ ನಂಬರ್ ಇದ್ರೆ ಸಂದೇಶ ಯಾರಿಗೂ ಬರಲ್ಲ.
- ಮೀಟರ್ ಬದಲಾಯಿಸೋ ದಿನ ಹಳೇ ಮೀಟರ್‌ನ ಕೊನೇ ರೀಡಿಂಗ್, ಹೊಸದರ ಮೊದಲ ರೀಡಿಂಗ್ ಮತ್ತು ಕ್ರಮಸಂಖ್ಯೆ ಫೋಟೋ ತೆಗೆದು, ಸಹಿ ಆದ ಹಾಳೆಯ ಪ್ರತಿ ಕೇಳಿ ಪಡೀರಿ.
- ಆ್ಯಪ್ ಮನೆಯಲ್ಲಿ ಕನಿಷ್ಠ ಇಬ್ಬರ ಫೋನಲ್ಲಿರಲಿ. ಅದರಲ್ಲಿ ಒಂದು, ಅಡುಗೆಮನೆ ನೋಡ್ಕೊಳ್ಳೋರದ್ದು.

ಮಿಣುಕು ಎಣಿಸೋ ಪರೀಕ್ಷೆ ಮಾತ್ರ ಒಬ್ಬರೇ ಮಾಡಬೇಡಿ. ಅಪ್ಪನ್ನ ಪಕ್ಕದಲ್ಲಿ ಕೂರಿಸ್ಕೊಂಡು ಎಣಿಸೋಕೆ ಹೇಳಿ. ನೀವು ಹೇಳಿದ ಸಂಖ್ಯೆ ಅವರು ನಂಬಲಿ, ಬಿಡಲಿ, ತಾವೇ ಎಣಿಸಿದ್ದನ್ನ ನಂಬ್ತಾರೆ.