ಚುನಾಯಿತನು ಕೇಳತಕ್ಕದ್ದೂ ನಡಿಸತಕ್ಕದ್ದೂ

ಊರಿನವರು ಒಬ್ಬನನ್ನು ಆರಿಸಿ ಪಂಚಾಯತಿಗೆ ಕಳುಹಿಸುವಾಗ ಅವನಿಗೆ ಎರಡು ಕೆಲಸಗಳನ್ನು ಒಪ್ಪಿಸುತ್ತಾರೆ. ತಮ್ಮ ಮಾತನ್ನು ಕೇಳುವದು ಒಂದು. ತಮ್ಮನ್ನು ನಡಿಸುವದು ಇನ್ನೊಂದು. ಕೇಳದೆ ನಡಿಸುವವನು ದೊರೆಯಂತಾಗುತ್ತಾನೆ. ಬರೇ ಕೇಳಿ ನಡಿಸದವನು ತೂರಿದ ಹೊಟ್ಟಿನಂತೆ ಗಾಳಿ ಬೀಸಿದ ಕಡೆಗೆ ಹಾರುತ್ತಾನೆ. ಈ ಎರಡನ್ನು ಸರಿದೂಗಿಸುವದು ಹೇಗೆಂಬದನ್ನು ವಿಚಾರಿಸೋಣ.

ಬೆಂಗಳೂರಿನ ಮಲ್ಲೇಶ್ವರಂ ಬಡಾವಣೆಯು 1898ರ ಪ್ಲೇಗಿನ ತರುವಾಯ ಬೆಳೆದದ್ದು. ಅದರ ಬಳಿಯಲ್ಲಿ 1882ರಲ್ಲಿ ಕಟ್ಟಿಸಿದ ಸ್ಯಾಂಕಿ ಕೆರೆಯಿದೆ. ಕೆರೆಯ ಮಗ್ಗುಲ ರಸ್ತೆಯಲ್ಲಿ ವಾಹನಗಳು ಹೆಚ್ಚಿದ್ದರಿಂದ, ಅದನ್ನು ಅಗಲಮಾಡಿ ಮೇಲ್ಸೇತುವೆ ಕಟ್ಟಬೇಕೆಂದು ಮಹಾನಗರ ಪಾಲಿಕೆಯು ಯೋಚಿಸಿತು. ಮರಗಳು ಕಡಿಯಲ್ಪಡುವವೆಂದು ತಿಳಿದ ನಿವಾಸಿಗಳು 2023ರ ಫೆಬ್ರವರಿಯಲ್ಲಿ ಮೌನವಾಗಿ ನಡೆದು ತಮ್ಮ ವಿರೋಧವನ್ನು ತೋರಿಸಿದರು. ಕೆಲಸವು ಆಗ ನಿಂತಿತು.

ಇದರಲ್ಲಿ ನಾವು ಗಮನಿಸತಕ್ಕ ಸಂಗತಿಯೊಂದುಂಟು. ಆ ವೇಳೆಯಲ್ಲಿ ಪಾಲಿಕೆಯಲ್ಲಿ ಚುನಾಯಿತ ಸದಸ್ಯನು ಒಬ್ಬನೂ ಇರಲಿಲ್ಲ. 2015ರಲ್ಲಿ 198 ವಾರ್ಡುಗಳಿಂದ ಆರಿಸಲ್ಪಟ್ಟವರ ಅವಧಿಯು 2020ರ ಸೆಪ್ಟೆಂಬರ್ 10ಕ್ಕೆ ಮುಗಿದು, ಅಧಿಕಾರಿಗಳೇ ಆಡಳಿತ ನಡಿಸುತ್ತಿದ್ದರು. ಬಾಗಿಲು ತಟ್ಟಿ ಮಾತಾಡಬಹುದಾದ ವಾರ್ಡಿನ ಸದಸ್ಯನಿಲ್ಲದಾಗ ಜನರ ಮಾತು ಬೀದಿಗೆ ಬರುತ್ತದೆ. ಬೀದಿಯಲ್ಲಿ ನಡೆಯುವವರ ದನಿಯು ಕೇಳಿಸುವದು ಒಳ್ಳೇದೇ. ಆದರೆ ಅದೇ ರಸ್ತೆಯಲ್ಲಿ ದಿನಾಲೂ ಬಸ್ಸಿನಲ್ಲಿ ಕಾದಿರುವ ಕೂಲಿಯವನಿಗೂ ಒಂದು ಮಾತಿರುವದಲ್ಲವೇ? ಮರವನ್ನೂ ದಾರಿಹೋಕನನ್ನೂ ಒಟ್ಟಿಗೆ ನೋಡಿ ದಾರಿ ಹುಡುಕುವದೇ ಸದಸ್ಯನ ಕೆಲಸ.

ನಮ್ಮ ಹಳ್ಳಿಗಳಲ್ಲಿ ಇದನ್ನು ನಡಿಸುವದು ಹೇಗೆ? ಮೂರು ಮಾತುಗಳನ್ನು ನೆನಪಿನಲ್ಲಿಡೋಣ.

1. ಬಾರದವರ ಮಾತನ್ನೂ ಕೇಳಬೇಕು. 1993ರ ಕರ್ನಾಟಕದ ಪಂಚಾಯತ್ ಕಾನೂನು ಸುಮಾರು 400 ಜನರಿಗೆ ಒಬ್ಬ ಸದಸ್ಯನನ್ನು ಕೊಟ್ಟಿದೆ. ವಾರ್ಡ್ ಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡಬೇಕು. ಬಂದವರಲ್ಲಿ ಶೇಕಡಾ 30ಕ್ಕೆ ಕಡಿಮೆಯಿಲ್ಲದೆ ಸ್ತ್ರೀಯರಿರಬೇಕು. ಯಾಕಂದರೆ ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ. ಬಾಯಿಲ್ಲದವನನ್ನು ಸದಸ್ಯನೇ ಹುಡುಕಿಕೊಂಡು ಹೋಗಬೇಕು.

2. ಕೇಳಿದ ಮೇಲೆ ತೀರ್ಮಾನಿಸಬೇಕು. ದೊಡ್ಡ ಬೀದಿಯವರು ತಮಗೆ ಎರಡನೆಯ ನಲ್ಲಿ ಬೇಕೆನ್ನುತ್ತಾರೆಂದೂ, ಊರ ಅಂಚಿನ ಕೇರಿಯಲ್ಲಿ ಒಂದೂ ಇಲ್ಲವೆಂದೂ ಭಾವಿಸೋಣ. ಸಭೆಯಲ್ಲಿ ಕೈಯೆತ್ತಿದವರನ್ನು ಎಣಿಸಿದರೆ ದೊಡ್ಡ ಬೀದಿಯೇ ಗೆಲ್ಲುವದು. ಹೀಗಿರಲಾಗಿ ಸದಸ್ಯನು ಎಣಿಕೆಯ ಹಿಂದೆ ಅಡಗಿಕೊಳ್ಳದೆ, ನೀರು ಮೊದಲು ಕೇರಿಗೆ ಹೋಗಲೆಂದು ಧೈರ್ಯವಾಗಿ ಹೇಳತಕ್ಕದ್ದು. ಮುಂದಿನ ಚುನಾವಣೆಯಲ್ಲಿ ಅವನಿಗೆ ಓಟುಗಳು ಕಡಿಮೆಯಾದಾವು. ಆದರೂ ಅವನನ್ನು ಆರಿಸಿದ್ದು ಇದಕ್ಕಾಗಿಯೇ.

3. ತಿರಿಗಿ ಬಂದು ಕಾರಣ ಹೇಳಬೇಕು. ತನ್ನ ಮಾತು ನಡೆಯದಿದ್ದರೂ, ಯಾಕೆ ನಡೆಯಲಿಲ್ಲವೆಂದು ಎದುರಿಗೆ ಕೇಳಿ ತಿಳಿದವನು ಬೇಸರಪಟ್ಟಾನು, ದ್ವೇಷಿಸಲಾರನು. ಕಾರಣವನ್ನು ಹೇಳದೆ ಅಡಗಿಸಿದ ತೀರ್ಮಾನವು ನ್ಯಾಯವಾದದ್ದಾದರೂ ಜನರಿಗೆ ಅನ್ಯಾಯವಾಗಿಯೇ ಕಾಣುವದು.

ಓಟು ಕೊಟ್ಟ ನಮ್ಮ ಪಾಲಿನ ಕೆಲಸವೂ ಉಂಟು. ಸಭೆಗೆ ಹೋಗದೆ ಮನೆಯ ಜಗಲಿಯಲ್ಲಿ ದೂರುವವನು ತನ್ನ ಸದಸ್ಯನನ್ನು ಕಿವುಡನೆಂದು ಹೇಳಬಾರದು. ಅಲ್ಲದೆ, ಸದಸ್ಯನು ನಮ್ಮ ಬೀದಿಗಿಂತ ಬೇರೆ ಬೀದಿಯ ಕಷ್ಟವನ್ನು ಮುಂದಿಟ್ಟಾಗ ಅವನ ಮೇಲೆ ಸಿಟ್ಟುಗೊಳ್ಳದೆ ಕಾರಣವನ್ನು ಕೇಳೋಣ.

ಪ್ರಶ್ನೆಗಳು: ನಮ್ಮ ವಾರ್ಡ್ ಸಭೆಯು ಕಳೆದ ಸಾರಿ ಯಾವಾಗ ಕೂಡಿತು? ಅದರಲ್ಲಿ ಯಾರ ಮಾತು ಕೇಳಿಸಲಿಲ್ಲ? ಆ ಮಾತನ್ನು ಮುಂದಿನ ಸಭೆಗೆ ತರುವವರಾರು?