ಮಾರುಕಟ್ಟೆಗೆ ಬಾರದ ಕಾರಿಗೆ ಬಹುಮಾನವೇಕೆ?

ಬೀದರ ನಗರದಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರ್ ದಾರಿ. ಔರಾದಕ್ಕೂ ಹೆಚ್ಚುಕಡಮೆ ಅಷ್ಟೆ. ನಾಲ್ವರು ಕುಳಿತುಕೊಳ್ಳಬಹುದಾದ ಕಾರೊಂದು ಒಂದೇ ಲೀಟರ್ ಪೆಟ್ರೋಲಿನಿಂದ ಈ ದಾರಿಯನ್ನು ಕ್ರಮಿಸಬಲ್ಲುದೆ? ಸಾಮಾನ್ಯವಾದ ಪೆಟ್ರೋಲ್ ಕಾರುಗಳು ಅರ್ಧ ದಾರಿಯ ಆಸುಪಾಸಿನಲ್ಲಿಯೇ ನಿಂತುಬಿಡುತ್ತವೆ.

ಅಮೆರಿಕದ ಎಕ್ಸ್ ಪ್ರೈಜ್ ಸಂಸ್ಥೆಯು ಇಂಥದೇ ಪ್ರಶ್ನೆಯನ್ನು ಒಂದು ಸ್ಪರ್ಧೆಯಾಗಿ ಜಗತ್ತಿನ ಮುಂದಿಟ್ಟಿತು. ಬಹುಮಾನದ ಒಟ್ಟು ಮೊತ್ತ ಒಂದು ಕೋಟಿ ಡಾಲರು. ಗ್ಯಾಲನ್ನಿಗೆ 100 ಮೈಲಿ, ಎಂದರೆ ಲೀಟರಿಗೆ ಸುಮಾರು 42 ಕಿಲೋಮೀಟರ್ ಓಡಬೇಕೆಂಬುದು ನಿಬಂಧನೆ. ವಿದ್ಯುತ್ ಕಾರುಗಳೂ ಸ್ಪರ್ಧೆಯಲ್ಲಿದ್ದುದರಿಂದ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಯಿತು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ವಿದ್ಯುತ್ತಿಗೆ ಸಮನಾದ ಶಕ್ತಿ ಅಡಗಿರುತ್ತದೆ. ಈ ಲೆಕ್ಕದಿಂದ, ಇಂಧನವು ಯಾವುದೇ ಆಗಿರಲಿ, ಕಾರುಗಳನ್ನು ಹೋಲಿಸಿ ನೋಡಬಹುದು.

2010ರಲ್ಲಿ 50 ಲಕ್ಷ ಡಾಲರುಗಳ ಅತಿ ದೊಡ್ಡ ಬಹುಮಾನವು ಎಡಿಸನ್-2 ತಂಡದ ‘ವೆರಿ ಲೈಟ್ ಕಾರ್’ಗೆ ಸಂದಿತು. ಸೋಜಿಗವೆಂದರೆ, ಅದು ವಿದ್ಯುತ್ ಕಾರಾಗಿರಲಿಲ್ಲ. ಅದರಲ್ಲಿದ್ದುದು ಎಥೆನಾಲ್ ಬೆರೆತ ಇಂಧನದಿಂದ ನಡೆಯುವ, ಒಂದೇ ಸಿಲಿಂಡರಿನ ಪುಟ್ಟ ಎಂಜಿನ್. ಅದರ ಗುಟ್ಟಾದರೂ ಏನು? ಓಡುವ ಕಾರನ್ನು ಮುಖ್ಯವಾಗಿ ಎರಡು ಬಲಗಳು ತಡೆಯುತ್ತವೆ. ಚಕ್ರಗಳ ಉರುಳುವಿಕೆಗೆ ಒದಗುವ ತಡೆಯು ತೂಕ ಹೆಚ್ಚಿದಂತೆ ಹೆಚ್ಚುತ್ತದೆ. ಗಾಳಿಯ ತಡೆಯು ವೇಗದ ವರ್ಗವನ್ನು ಅನುಸರಿಸುತ್ತದೆ. ವೇಗವು ಇಮ್ಮಡಿಯಾದರೆ ತಡೆಯು ನಾಲ್ಮಡಿಯಾಗುತ್ತದೆ. ಆ ಕಾರಿನ ತೂಕ 400 ಕಿಲೋಗ್ರಾಮಿಗೂ ಕಡಮೆ. ಮೈಯಾದರೋ ಗಾಳಿಯು ಸುಲಭವಾಗಿ ಜಾರಿಹೋಗುವಂಥದು. ತಡೆಯೇ ಕಡಮೆಯಾದ ಮೇಲೆ ಪುಟ್ಟ ಎಂಜಿನ್ನೇ ಸಾಕಾಯಿತು.

ಆದರೆ ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ. ಹಾಗಾದರೆ ಇಂಥ ಬಹುಮಾನಗಳು ವ್ಯರ್ಥವೆ?

ಇದಕ್ಕೆ ಉತ್ತರವನ್ನು ನಮ್ಮ ನಾಡಿನಲ್ಲಿಯೇ ಕಾಣಬಹುದು. 1990ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ‘ಸನ್‌ರನ್ನರ್’ ಎಂಬ ಸೌರ ಕಾರನ್ನು ಕಟ್ಟಿದರು. ಅದು ಅಮೆರಿಕದ ಸ್ಪರ್ಧೆಯಲ್ಲಿ ಮೊದಲನೆಯ ಸ್ಥಾನವನ್ನೂ ಆಸ್ಟ್ರೇಲಿಯದ ವಿಶ್ವಸ್ಪರ್ಧೆಯಲ್ಲಿ ಮೂರನೆಯ ಸ್ಥಾನವನ್ನೂ ಪಡೆಯಿತು. ಅದೂ ಮಾರಾಟಕ್ಕಾಗಿ ಕಟ್ಟಿದುದಲ್ಲ. ಆದರೆ ಆ ತಂಡದಲ್ಲಿದ್ದ ಬೆಂಗಳೂರಿನ ಚೇತನ್ ಮೈನಿಯವರು ಮುಂದೆ ವಿದ್ಯುತ್ ಕಾರಿನ ನಿರ್ಮಾಣಕ್ಕೆ ತೊಡಗಿದರು. 2001ರಲ್ಲಿ ಬೆಂಗಳೂರಿನಿಂದ ‘ರೇವಾ’ ಹೊರಬಂದಿತು. ಒಮ್ಮೆ ವಿದ್ಯುತ್ ತುಂಬಿದರೆ ಅದು ಓಡುತ್ತಿದ್ದುದು ಸುಮಾರು 80 ಕಿಲೋಮೀಟರ್. ಬೀದರದಿಂದ ಔರಾದಕ್ಕೆ ಹೋಗಿ ಹಿಂದಿರುಗುವಷ್ಟರಲ್ಲಿ ಅದರ ಬ್ಯಾಟರಿಯು ಬರಿದಾಗುತ್ತಿತ್ತು. ಆದರೂ ಅದು ಜನರು ಕೊಂಡು ಓಡಿಸಿದ ಕಾರು.

ಬಹುಮಾನ ಪಡೆದ ಕಾರು ಮೂಲೆ ಸೇರಬಹುದು. ಅದನ್ನು ಕಟ್ಟಿದವರು ಕಲಿತ ವಿದ್ಯೆ ಮೂಲೆ ಸೇರುವುದಿಲ್ಲ. ಬೀದರದಲ್ಲಿಯೂ ಭಾಲ್ಕಿಯಲ್ಲಿಯೂ ಇಂದು ಎಂಜಿನಿಯರಿಂಗ್ ಕಾಲೇಜುಗಳಿವೆ. ಒಂದು ಲೀಟರಿನಲ್ಲಿ ಭಾಲ್ಕಿಯನ್ನು ಮುಟ್ಟುವ ಕಾರನ್ನು ಕಟ್ಟಿರೆಂದು ಅಲ್ಲಿಯ ವಿದ್ಯಾರ್ಥಿಗಳ ಮುಂದೆ ಪಂಥವೊಡ್ಡಿದರೆ, ಅದಕ್ಕಿಂತ ಒಳ್ಳೆಯ ಭೌತವಿಜ್ಞಾನದ ಪಾಠ ಬೇರೆ ಯಾವುದಿದೆ?